ಮನೆತನದ ರೋಗವನ್ನು ಬಾಯಿಬಿಟ್ಟು ಹೇಳಿದ ಹೆಣ್ಣುಮಗಳು

ಅಮೆರಿಕ ದೇಶದ ಮಿಷಿಗನ್ ಪ್ರಾಂತ್ಯದಲ್ಲಿ ಆನ್ ಆರ್ಬರ್ ಎಂಬ ಊರಿದೆ. 1895ನೆಯ ಇಸವಿಯಲ್ಲಿ ಆ ಊರಿನಲ್ಲಿ ಪಾಲಿನ್ ಗ್ರಾಸ್ ಎಂಬ ಹೆಣ್ಣುಮಗಳು ಹೊಲಿಗೆಯ ಕೆಲಸ ಮಾಡಿಕೊಂಡು ಜೀವನ ಸಾಗಿಸುತ್ತಿದ್ದಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರೋಗಶಾಸ್ತ್ರ ಬೋಧಿಸುತ್ತಿದ್ದ ಡಾ. ಆಲ್ಡ್ರೆಡ್ ವಾರ್ತಿನ್ ಅವರೊಡನೆ ಮಾತನಾಡುತ್ತಿದ್ದಾಗ ಆಕೆಯ ಮುಖ ಬಾಡಿದ್ದನ್ನು ಕಂಡು ಅವರು ಕಾರಣ ಕೇಳಿದರು. ಆಗ ಆಕೆಗೆ ಯಾವ ಕಾಯಿಲೆಯೂ ಇರಲಿಲ್ಲ. ಆದರೂ ತಾನು ಹೆಚ್ಚು ಕಾಲ ಬದುಕುವವಳಲ್ಲವೆಂದೂ, ತನ್ನ ಬಂಧುಗಳಲ್ಲಿ ಬಹುಮಂದಿ ಹೊಟ್ಟೆಯ, ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರಿನಿಂದಲೇ ಸತ್ತಿರುವರೆಂದೂ, ತನಗೂ ಅದೇ ಗತಿಯೆಂದೂ ಆಕೆ ಹೇಳಿದಳು. ಹೇಳಿದಂತೆಯೇ ಆಯಿತು. ಅಕಾಲದಲ್ಲಿ ಗರ್ಭಕೋಶದ ಕ್ಯಾನ್ಸರಿಗೆ ಆಕೆ ಬಲಿಯಾದಳು.

ಇಂತಹ ಮಾತನ್ನು ನಾವು ನಮ್ಮ ಮನೆಗಳಲ್ಲಿಯೂ ಕೇಳಿಲ್ಲವೆ? "ಅವರ ಮನೆತನದಲ್ಲಿ ಯಾರೂ ಐವತ್ತು ದಾಟುವುದಿಲ್ಲ" ಎಂದು ಹಿರಿಯರು ದನಿ ತಗ್ಗಿಸಿ ಆಡುತ್ತಾರೆ. ಕೇಳಿದವರು ವಿಧಿಯೆಂದೋ ಶಾಪವೆಂದೋ ನಿಟ್ಟುಸಿರಿಟ್ಟು ಸುಮ್ಮನಾಗುತ್ತಾರೆ. ವಾರ್ತಿನ್ ಸುಮ್ಮನಾಗಲಿಲ್ಲ. ಆ ಮನೆತನದವರು ಜರ್ಮನಿಯಿಂದ ವಲಸೆ ಬಂದವರು. ಯಾರು ಯಾರ ಮಗ, ಯಾರು ಯಾವ ವಯಸ್ಸಿನಲ್ಲಿ ಯಾವ ರೋಗದಿಂದ ತೀರಿಕೊಂಡರು ಎಂಬುದನ್ನೆಲ್ಲ ಆಸ್ಪತ್ರೆಯ ದಾಖಲೆಗಳೊಡನೆ ತಾಳೆ ನೋಡಿ ಅವರು ಒಂದು ವಂಶಾವಳಿಯನ್ನು ಸಿದ್ಧಪಡಿಸಿದರು. 1913ರಲ್ಲಿ ಅದನ್ನು ಪ್ರಕಟಿಸಿದಾಗ, ಕ್ಯಾನ್ಸರಿನಿಂದ ನರಳಿದ ಆ ಮೂಲಪುರುಷನ 48 ಮಂದಿ ಸಂತತಿಯಲ್ಲಿ 17 ಮಂದಿ ಕ್ಯಾನ್ಸರಿನಿಂದ ಸತ್ತವರು ಅಥವಾ ಅದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಎಂಬುದು ಬೆಳಕಿಗೆ ಬಂದಿತು. ಹೆಸರು ಹೇಳದೆ ಆ ಮನೆತನವನ್ನು ವೈದ್ಯಲೋಕ ಇಂದಿಗೂ "ಜಿ ಕುಟುಂಬ" ಎಂದೇ ಕರೆಯುತ್ತದೆ.

ವೈದ್ಯಲೋಕ ಆ ವರದಿಗೆ ಹೆಚ್ಚಿನ ಗಮನ ಕೊಡಲಿಲ್ಲ. ಕ್ಯಾನ್ಸರ್ ವಂಶದಿಂದ ಬರುವ ರೋಗವಲ್ಲ, ಹೊರಗಿನ ಕಾರಣಗಳಿಂದ ಹುಟ್ಟುವಂತಹುದು ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ಕ್ಯಾನ್ಸರ್ ಸಾಮಾನ್ಯ ರೋಗವಾದುದರಿಂದ ಒಂದು ದೊಡ್ಡ ಕುಟುಂಬದಲ್ಲಿ ಹತ್ತಾರು ಜನರಿಗೆ ಬಂದರೆ ಅದು ಆಕಸ್ಮಿಕವೆನ್ನುವವರೇ ಹೆಚ್ಚು. ಅದಲ್ಲದೆ, ರೋಗವಿರುವ ವಂಶದವರು ಮದುವೆಯಾಗಲೇಬಾರದು ಎಂಬ ಕಟು ವಾದವೂ ಆಗ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿತ್ತು. ಹೀಗಿರುವಾಗ ಯಾವ ಮನೆಯವರು ತಾನೇ ತಮ್ಮ ರೋಗದ ಕಥೆಯನ್ನು ಹೇಳಿಕೊಳ್ಳಲು ಮುಂದೆ ಬಂದಾರು?

ಈ ಎಳೆಯನ್ನು ಮತ್ತೆ ಕೈಗೆತ್ತಿಕೊಂಡವರು ನೆಬ್ರಾಸ್ಕ ಪ್ರಾಂತ್ಯದ ಒಮಾಹಾ ನಗರದ ಡಾ. ಹೆನ್ರಿ ಲಿಂಚ್ (1928-2019). ಇವರ ಬಾಳೂ ಒಂದು ಕಥೆಯೇ. ಶಾಲೆ ಬಿಟ್ಟು, ವಯಸ್ಸು ಹೆಚ್ಚಿಸಿ ಹೇಳಿ ನೌಕಾಪಡೆ ಸೇರಿದರು; ಮುಷ್ಟಿಯುದ್ಧದ ಕಣಕ್ಕೂ ಇಳಿದರು; ಆಮೇಲೆ ಓದಿ ವೈದ್ಯರಾದರು. 1962ರಲ್ಲಿ ಇನ್ನೂ ತರಬೇತಿಯಲ್ಲಿದ್ದಾಗ ಕುಡಿತದಿಂದ ಆಸ್ಪತ್ರೆ ಸೇರಿದ್ದ ರೋಗಿಯೊಬ್ಬನನ್ನು ಅವರು ನೋಡಬೇಕಾಯಿತು. ಏಕೆ ಇಷ್ಟು ಕುಡಿಯುತ್ತೀ ಎಂದರೆ, ತನ್ನ ಮನೆಯಲ್ಲಿ ಎಲ್ಲರೂ ಕರುಳಿನ ಕ್ಯಾನ್ಸರಿನಿಂದ ಸಾಯುತ್ತಾರೆ, ತಾನೂ ಸಾಯುವವನೇ ಎಂದು ಆತ ಉತ್ತರಿಸಿದ. ಆತನ ಕುಡಿತವನ್ನು ಮಾತ್ರ ನೋಡಿ ಮುಂದಿನ ಹಾಸಿಗೆಗೆ ಹೋಗಿಬಿಡುವುದು ಸುಲಭವಾಗಿತ್ತು. ಲಿಂಚ್ ಆ ಮಾತನ್ನು ನಂಬಿದರು. ಆ್ಯನ್ ಕ್ರಶ್ ಎಂಬ ಸಮಾಜಕಾರ್ಯಕರ್ತೆಯ ನೆರವಿನಿಂದ ಆತನ ಬಂಧುಬಳಗದ ವಿವರವನ್ನು ಕಲೆಹಾಕಿದರು. ಮಿಷಿಗನ್ನಿನಲ್ಲಿ ಇಂತಹದೇ ಇನ್ನೊಂದು ಕುಟುಂಬ ಸಿಕ್ಕಿತು. 1966ರಲ್ಲಿ ಎರಡೂ ಕುಟುಂಬಗಳ ವೃತ್ತಾಂತ ಪ್ರಕಟವಾಯಿತು. ಮುಂದೆ ಲಿಂಚ್ ವಾರ್ತಿನ್ ಅವರ ಹಳೆಯ ಜಿ ಕುಟುಂಬವನ್ನೂ ಹುಡುಕಿ, 1971ರಲ್ಲಿ 650ಕ್ಕೂ ಮಿಕ್ಕ ಸದಸ್ಯರ ವಿವರ ಕೊಟ್ಟರು. ಆದರೂ ಸಂಶೋಧನೆಗೆ ಧನಸಹಾಯ ಕೇಳಿದಾಗಲೆಲ್ಲ ಅವರಿಗೆ ನಿರಾಕರಣೆಯೇ ಹೆಚ್ಚಾಗಿ ದೊರೆಯಿತು. ಈ ರೋಗ ಇಂದು "ಲಿಂಚ್ ಸಿಂಡ್ರೋಮ್" ಎಂದೇ ಪ್ರಸಿದ್ಧವಾಗಿದೆ.

ಪ್ರತಿ ತೆಗೆಯುವ ಲಿಪಿಕಾರ, ತಿದ್ದುವ ಪಂಡಿತ

ವಂಶಾವಳಿ ರೋಗ ಇದೆಯೆಂಬುದನ್ನು ತೋರಿಸಿತೇ ಹೊರತು ಏಕೆ ಬರುತ್ತದೆಂಬುದನ್ನು ತೋರಿಸಲಿಲ್ಲ. ಅದಕ್ಕಾಗಿ ನಾವು ಕರುಳಿನ ಒಳಪದರಕ್ಕೆ ಇಳಿಯಬೇಕು.

ನಮ್ಮ ಕರುಳಿನ ಒಳಪದರದ ಜೀವಕೋಶಗಳು ನಾಲ್ಕೈದು ದಿನಗಳಿಗೊಮ್ಮೆ ಸವೆದುಹೋಗಿ ಹೊಸವು ಬರುತ್ತಲೇ ಇರುತ್ತವೆ. ಪ್ರತಿಸಲ ಕೋಶವೊಂದು ಎರಡಾಗುವಾಗ ಅದರೊಳಗಿನ ಡಿ.ಎನ್.ಎ. ಎಂಬ ಬರಹವೆಲ್ಲ ಮತ್ತೊಮ್ಮೆ ಪ್ರತಿಯಾಗಬೇಕು. ಈ ಬರಹಕ್ಕೆ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ತಂದೆಯಿಂದ ಬಂದ ಸುಮಾರು 300 ಕೋಟಿ, ತಾಯಿಯಿಂದ ಬಂದ ಸುಮಾರು 300 ಕೋಟಿ, ಒಟ್ಟು 600 ಕೋಟಿ ಅಕ್ಷರಗಳು ಒಂದೊಂದು ಕೋಶದಲ್ಲಿಯೂ ಇವೆ.

ಹಿಂದೆ ಓಲೆಗರಿಯ ಕಟ್ಟುಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರನ್ನು ನೆನೆಯೋಣ. ಎಷ್ಟೇ ಶ್ರದ್ಧೆಯಿದ್ದರೂ ಕಣ್ಣು ತಪ್ಪುತ್ತದೆ, ಒಂದಕ್ಷರ ಬಿಟ್ಟುಹೋಗುತ್ತದೆ, ಒಂದು ಎರಡು ಸಲ ಬೀಳುತ್ತದೆ. ಆ ತಪ್ಪು ಮುಂದಿನ ಪ್ರತಿಗಳಿಗೆಲ್ಲ ಸಾಗುತ್ತದೆ. ಗ್ರಂಥಸಂಪಾದನೆ ಮಾಡಿದವರಿಗೆ ಇದರ ಕಷ್ಟ ಗೊತ್ತು. ಪುಣ್ಯವಶಾತ್ ನಮ್ಮ ಕೋಶಗಳಲ್ಲಿ ಲಿಪಿಕಾರನ ಹಿಂದೆಯೇ ಕುಳಿತು ಹೊಸ ಪ್ರತಿಯನ್ನು ಹಳೆಯದರೊಡನೆ ಹೋಲಿಸಿ ತಿದ್ದುವ ಪಂಡಿತರಿದ್ದಾರೆ. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಇರಬೇಕೆಂಬುದು ನಿಯಮ. ಜೋಡಿ ತಪ್ಪಿದ ಕಡೆ ಈ ದುರಸ್ತಿ ಪ್ರೋಟೀನುಗಳು ಹಿಡಿದು ನಿಂತು, ತಪ್ಪಿದ ತುಂಡನ್ನು ಕತ್ತರಿಸಿ ತೆಗೆಯಿಸಿ, ಸರಿಯಾದುದನ್ನು ಬರೆಯಿಸುತ್ತವೆ. ಇವುಗಳ ಕಾಯಕದಿಂದ ಪ್ರತಿಯ ದೋಷ ನೂರರಿಂದ ಸಾವಿರ ಪಟ್ಟು ಕಡಿಮೆಯಾಗುತ್ತದೆ. ಈ ದುರಸ್ತಿಯ ಕ್ರಮವನ್ನು ಮೊದಲು ಬ್ಯಾಕ್ಟೀರಿಯಗಳಲ್ಲಿ ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಪಂಡಿತನೇ ಇಲ್ಲವಾದರೆ? ಎಲ್ಲಕ್ಕಿಂತ ಮೊದಲು ಕೆಡುವುದು ಒಂದೇ ಅಕ್ಷರ ಅಥವಾ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಸ್ಥಳಗಳು. "ಎಎಎಎಎಎಎಎಎಎ" ಎಂದು ಹತ್ತು ಸಲ ಬರೆಯಬೇಕಾದ ಕಡೆ ಲಿಪಿಕಾರ ಲೆಕ್ಕ ತಪ್ಪಿ ಒಂಬತ್ತು ಬರೆಯುತ್ತಾನೆ. ಇಂತಹ ಪುನರಾವೃತ್ತಿಯ ಸ್ಥಳಗಳಿಗೆ ವಿಜ್ಞಾನಿಗಳು ಮೈಕ್ರೋಸ್ಯಾಟಲೈಟ್ ಎಂಬ ಹೆಸರು ಕೊಟ್ಟಿದ್ದಾರೆ. 1993ರಲ್ಲಿ ಹಲವು ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಂದೇ ವೇಳೆಗೆ ಒಂದು ವಿಚಿತ್ರವನ್ನು ಕಂಡವು. ಕೆಲವು ಕರುಳಿನ ಗಡ್ಡೆಗಳಲ್ಲಿ ಈ ಸ್ಥಳಗಳ ಉದ್ದ ಅದೇ ರೋಗಿಯ ಆರೋಗ್ಯವಂತ ಕೋಶಗಳಲ್ಲಿ ಇದ್ದಂತೆ ಇರಲಿಲ್ಲ. ಒಂದು ಕಡೆ ಹಿಗ್ಗಿದ್ದವು, ಒಂದು ಕಡೆ ಕುಗ್ಗಿದ್ದವು. ಹೆಲ್ಸಿಂಕಿಯ ಆಲ್ಬರ್ಟ್ ಡಿ ಲಾ ಶಪೆಲ್, ಬಾಲ್ಟಿಮೋರಿನ ಬರ್ಟ್ ಫೋಗಲ್‌ಸ್ಟೈನ್ ಮೊದಲಾದವರ ತಂಡಗಳು ಲಿಂಚ್ ಕುಟುಂಬಗಳ ಗಡ್ಡೆಗಳಲ್ಲಿ ಕಳೆದುಹೋದ ವರ್ಣತಂತುವಿನ ತುಂಡನ್ನು ಹುಡುಕಹೊರಟು ಈ ಅಸ್ಥಿರತೆಯನ್ನು ಕಂಡರು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು! ಅದೇ ವರ್ಷ ದುರಸ್ತಿಯ ವಂಶವಾಹಿ ಕೆಟ್ಟ ಯೀಸ್ಟ್ ಕೋಶಗಳಲ್ಲಿಯೂ ಇದೇ ಬಗೆಯ ಅಸ್ಥಿರತೆ ಕಾಣುವುದೆಂದು ತಿಳಿದುಬಂದಿತು. ಹಿಟ್ಟು ಹುದುಗಿಸುವ ಯೀಸ್ಟಿಗೂ ಮನುಷ್ಯನ ಕರುಳಿಗೂ ನಂಟು ಬಿದ್ದುದು ಹೀಗೆ. ಡಿಸೆಂಬರ್ ತಿಂಗಳೊಳಗೆ ಎರಡನೆಯ ವರ್ಣತಂತುವಿನಲ್ಲಿ ಎಂ.ಎಸ್.ಎಚ್.2 ಎಂಬ ದುರಸ್ತಿಯ ವಂಶವಾಹಿಯೂ, ಮರುವರ್ಷ ಮೂರನೆಯ ವರ್ಣತಂತುವಿನಲ್ಲಿ ಎಂ.ಎಲ್.ಎಚ್.1 ಕೂಡ ಪತ್ತೆಯಾದವು.

ಲಿಂಚ್ ಕುಟುಂಬದ ಮಗು ಹುಟ್ಟುವಾಗಲೇ ಇಂತಹ ಒಂದು ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದನ್ನು ಕೆಟ್ಟುದಾಗಿಯೇ ಪಡೆದಿರುತ್ತದೆ. ಉಳಿದ ಒಂದು ಒಳ್ಳೆಯ ಪ್ರತಿಯಿಂದ ಕೆಲಸ ಸಾಗುತ್ತದೆ; ಬಾಲ್ಯ, ಯೌವನಗಳು ನಿರಾತಂಕವಾಗಿ ಕಳೆಯುತ್ತವೆ. ಎಂದೋ ಒಂದು ದಿನ ಕರುಳಿನ ಒಂದು ಕೋಶದಲ್ಲಿ ಆ ಎರಡನೆಯ ಪ್ರತಿಯೂ ಹಾಳಾದರೆ, ಆ ಕೋಶದ ಸಂತತಿಗೆ ತಿದ್ದುವವರೇ ಇಲ್ಲ. ಅಲ್ಲಿಂದ ತಪ್ಪುಗಳು ಗುಂಪುಗುಂಪಾಗಿ ಸೇರುತ್ತವೆ. ಕೋಶಕ್ಕೆ "ಇನ್ನು ಬೆಳೆಯಬೇಡ" ಎಂಬ ಆಜ್ಞೆಯನ್ನು ಹೊರಗಿನಿಂದ ಪಡೆಯಲು ಒಂದು ಗ್ರಾಹಕ ಪ್ರೋಟೀನಿದೆ. ಅದರ ವಂಶವಾಹಿಯಲ್ಲಿ ಮೇಲೆ ಹೇಳಿದಂತೆ ಹತ್ತು ಎ ಅಕ್ಷರಗಳು ಸಾಲಾಗಿ ಬರುವ ಒಂದು ಜಾಗವಿದೆ. ಅಲ್ಲಿ ಒಂದಕ್ಷರ ತಪ್ಪಿದರೆ ಮುಂದಿನ ವಾಕ್ಯವೆಲ್ಲ ಅರ್ಥಹೀನವಾಗಿ ಗ್ರಾಹಕವೇ ತಯಾರಾಗುವುದಿಲ್ಲ. ಆಜ್ಞೆ ಕೇಳುವ ಕಿವಿಯೇ ಇಲ್ಲದ ಕೋಶ ಬೆಳೆಯದೆ ಇನ್ನೇನು ಮಾಡೀತು? ಇಂತಹ ಗಡ್ಡೆಗಳಲ್ಲಿ ಬಹುಪಾಲಿನಲ್ಲಿ ಈ ಒಂದು ಜಾಗ ಕೆಟ್ಟಿರುವುದು ಕಂಡುಬಂದಿದೆ.

ಹಾಗೆಂದು ಕರುಳಿನ ಕ್ಯಾನ್ಸರುಗಳೆಲ್ಲ ಈ ದಾರಿಯಿಂದಲೇ ಬರುತ್ತವೆಯೆಂದು ಓದುಗರು ತಿಳಿಯಬಾರದು. ನೂರರಲ್ಲಿ ಸುಮಾರು 85 ಗಡ್ಡೆಗಳ ದಾರಿ ಬೇರೆ. ಅಲ್ಲಿ ಅಕ್ಷರದ ತಪ್ಪಿಗಿಂತ ಗ್ರಂಥದ ಕಟ್ಟೇ ಚೆದುರುತ್ತದೆ. ಕೋಶ ಎರಡಾಗುವಾಗ ವರ್ಣತಂತುಗಳು ಸರಿಯಾಗಿ ಹಂಚಿಕೆಯಾಗದೆ ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಹೋಗುತ್ತವೆ. ತುಂಡುಗಳು ಮುರಿದು ಬೀಳುತ್ತವೆ. ಮೊದಲು ಎ.ಪಿ.ಸಿ. ಎಂಬ ವಂಶವಾಹಿ ಕೆಟ್ಟು ಪಾಲಿಪ್ ಎಂಬ ಸಣ್ಣ ಗಂಟು ಏಳುತ್ತದೆ. ಮುಂದೆ ಇನ್ನೂ ಕೆಲವು ವಂಶವಾಹಿಗಳು ಒಂದಾದ ಮೇಲೊಂದು ಕೆಟ್ಟು ಅದು ಕ್ಯಾನ್ಸರಾಗುತ್ತದೆ. ಈ ಮೆಟ್ಟಿಲುಗಳನ್ನು 1990ರಲ್ಲಿ ಎರಿಕ್ ಫಿಯರನ್ ಮತ್ತು ಫೋಗಲ್‌ಸ್ಟೈನ್ ವಿವರಿಸಿದರು. ಗಂಟು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷಗಳೇ ಹಿಡಿಯುತ್ತವೆ. ಲಿಂಚ್ ದೋಷವಿರುವವರಲ್ಲಿ ಒಂದರಿಂದ ಮೂರು ವರ್ಷಗಳೇ ಸಾಕಾಗಬಹುದು. ಉಳಿದ 15 ಗಡ್ಡೆಗಳು ದುರಸ್ತಿ ಕೆಟ್ಟವು. ಅವುಗಳಲ್ಲಿಯೂ ಹೆಚ್ಚಿನವು ವಂಶದಿಂದ ಬಂದವಲ್ಲ. ಮುಪ್ಪಿನಲ್ಲಿ ಗಡ್ಡೆಯ ಕೋಶದೊಳಗೆ ಮಾತ್ರ ಎಂ.ಎಲ್.ಎಚ್.1 ಬೀಗ ಹಾಕಿಕೊಂಡುದರ ಫಲ. ನಿಜವಾದ ಲಿಂಚ್ ರೋಗ ನೂರಕ್ಕೆ ಮೂರರಷ್ಟು ಮಾತ್ರ. ಮೂರೇ ಎಂದು ಕಡೆಗಣಿಸುವಂತಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ 300 ಜನರಲ್ಲಿ ಸುಮಾರು ಒಬ್ಬರು ಈ ದೋಷವನ್ನು ಹೊತ್ತಿರುವರೆಂಬ ಅಂದಾಜಿದೆ. ಅವರಲ್ಲಿ ಬಹುಮಂದಿಗೆ ಅದರ ಅರಿವೇ ಇಲ್ಲ.

ದೋಷವೇ ಗುರುತಾದಾಗ

ಇಲ್ಲೊಂದು ಆಶ್ಚರ್ಯವಿದೆ. ತಪ್ಪುಗಳಿಂದ ತುಂಬಿದ ಗಡ್ಡೆ ತಯಾರಿಸುವ ಪ್ರೋಟೀನುಗಳೂ ತಪ್ಪುತಪ್ಪಾಗಿರುತ್ತವೆ. ದೇಹದ ರಕ್ಷಣಾ ಕೋಶಗಳಿಗೆ ಅವು ಪರಕೀಯವಾಗಿ ಕಾಣುತ್ತವೆ. ಕಳ್ಳನ ವೇಷವೇ ಅವನನ್ನು ಹಿಡಿದುಕೊಟ್ಟಂತೆ! ಆದರೆ ಗಡ್ಡೆಯೂ ಜಾಣ. ಕಾವಲುಗಾರರ ಕೈ ತಡೆಯುವ ಒಂದು ಸಂಕೇತವನ್ನು ಅದು ಒಡ್ಡಿರುತ್ತದೆ. ಆ ತಡೆಯನ್ನು ಬಿಡಿಸುವ ಪೆಂಬ್ರೋಲಿಜುಮ್ಯಾಬ್ ಎಂಬ ಔಷಧಿ ದುರಸ್ತಿ ಕೆಟ್ಟ ಗಡ್ಡೆಗಳ ಮೇಲೆ ಚೆನ್ನಾಗಿ ಕೆಲಸ ಮಾಡುವುದೆಂದು 2015ರಲ್ಲಿ ವರದಿಯಾಯಿತು. 2017ರಲ್ಲಿ ಅಮೆರಿಕ ಸರ್ಕಾರದ ಔಷಧ ಇಲಾಖೆ, ಗಡ್ಡೆ ದೇಹದ ಯಾವ ಭಾಗದಲ್ಲೇ ಇರಲಿ, ಈ ಅಸ್ಥಿರತೆಯಿದ್ದರೆ ಈ ಔಷಧಿ ಕೊಡಬಹುದೆಂದು ಒಪ್ಪಿಗೆಯಿತ್ತಿತು. ಅಂಗವನ್ನು ನೋಡದೆ ಗಡ್ಡೆಯ ವಂಶವಾಹಿ ಗುಣವನ್ನು ನೋಡಿ ಕ್ಯಾನ್ಸರ್ ಔಷಧಿಗೆ ಒಪ್ಪಿಗೆ ಕೊಟ್ಟುದು ಅದೇ ಮೊದಲು. 2022ರಲ್ಲಿ ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಕೇಂದ್ರದಿಂದ ಬಂದ ವರದಿಯಂತೂ ಪತ್ರಿಕೆಗಳಲ್ಲೆಲ್ಲ ರಾರಾಜಿಸಿತು. ಇಂತಹ ದೋಷವಿದ್ದ ಗುದನಾಳದ ಕ್ಯಾನ್ಸರಿನ 12 ರೋಗಿಗಳಿಗೆ ಡೋಸ್ಟಾರ್ಲಿಮ್ಯಾಬ್ ಎಂಬ ಔಷಧಿಯನ್ನು ಆರು ತಿಂಗಳು ಕೊಟ್ಟಾಗ ಹನ್ನೆರಡೂ ಮಂದಿಯಲ್ಲಿ ಗಡ್ಡೆ ಕಾಣದಂತಾಯಿತು. ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳಲಿಲ್ಲ. "ಕ್ಯಾನ್ಸರಿಗೆ ಮದ್ದು ಸಿಕ್ಕಿತು" ಎಂದು ಆಗ ಎದ್ದ ಗದ್ದಲವನ್ನು ನಾವು ಒಪ್ಪುವುದಿಲ್ಲ. ಗುದನಾಳದ ಕ್ಯಾನ್ಸರುಗಳಲ್ಲಿ ಈ ಬಗೆಯವು ಬಲು ಕಡಿಮೆ, ಔಷಧಿಯ ಬೆಲೆಯೂ ಸಾಮಾನ್ಯರ ಕೈಗೆ ಎಟಕುವಂತಹುದಲ್ಲ. ಆದರೆ ಗಡ್ಡೆಯ ಗುಣವನ್ನು ಪರೀಕ್ಷಿಸದೆ ಚಿಕಿತ್ಸೆ ಆರಂಭಿಸಬಾರದೆಂಬ ಮಾತಿಗೆ ಇದರಿಂದ ಬಲ ಬಂದಿತು.

ನಮ್ಮ ಮನಸ್ಸಿಗೆ ಇದಕ್ಕಿಂತ ಹೆಚ್ಚು ತಟ್ಟಿದುದು ಫಿನ್ಲೆಂಡಿನ ಒಂದು ಸರಳ ಪ್ರಯತ್ನ. ಲಿಂಚ್ ಕುಟುಂಬಗಳ 252 ಜನರನ್ನು ಅಲ್ಲಿನ ವೈದ್ಯರು 15 ವರ್ಷಗಳ ಕಾಲ ಗಮನಿಸಿದರು. 133 ಮಂದಿ ಮೂರು ವರ್ಷಗಳಿಗೊಮ್ಮೆ ಕರುಳಿನ ಪರೀಕ್ಷೆ ಮಾಡಿಸಿಕೊಂಡರು. 119 ಮಂದಿ ಮಾಡಿಸಿಕೊಳ್ಳಲಿಲ್ಲ. ಪರೀಕ್ಷೆ ಮಾಡಿಸಿಕೊಂಡವರಲ್ಲಿ 8 ಜನರಿಗೆ ಕರುಳಿನ ಕ್ಯಾನ್ಸರ್ ಬಂದಿತು, ಉಳಿದವರಲ್ಲಿ 19 ಜನರಿಗೆ. ಮೊದಲಿನವರಲ್ಲಿ ಆ ರೋಗದಿಂದ ಯಾರೂ ಸಾಯಲಿಲ್ಲ. ಎರಡನೆಯವರಲ್ಲಿ 9 ಜನ ಸತ್ತರು. 2000ದಲ್ಲಿ ಪ್ರಕಟವಾದ ಈ ಲೆಕ್ಕದ ಹಿಂದೆ ಇದ್ದುದು ಕೊಲೊನೋಸ್ಕೋಪಿ ಮಾತ್ರ. ಗುದದ್ವಾರದ ಮೂಲಕ ತೆಳುವಾದ ಬಾಗುವ ನಳಿಗೆಯನ್ನು ಒಳಬಿಟ್ಟು ಕರುಳನ್ನು ನೋಡುವುದು, ಗಂಟು ಕಂಡರೆ ಅಲ್ಲಿಯೇ ಕತ್ತರಿಸಿ ತೆಗೆಯುವುದು. ನಾಚಿಕೆಯ ವಿಷಯವೆಂದು ನಮ್ಮವರು ಹಿಂಜರಿಯುವುದು ಇಲ್ಲಿಯೇ. ಈಗ ಎಂ.ಎಸ್.ಎಚ್.2, ಎಂ.ಎಲ್.ಎಚ್.1 ದೋಷವಿರುವವರಿಗೆ 20-25ರ ವಯಸ್ಸಿನಿಂದಲೇ ಒಂದೆರಡು ವರ್ಷಗಳಿಗೊಮ್ಮೆ ಈ ಪರೀಕ್ಷೆ ಮಾಡಿಸಬೇಕೆಂದು ತಜ್ಞರು ಸೂಚಿಸುತ್ತಾರೆ.

ಇಂಗ್ಲೆಂಡಿನ ಜಾನ್ ಬರ್ನ್ ಮುಂದಾಳತ್ವದಲ್ಲಿ ಹಲವು ದೇಶಗಳ 861 ಲಿಂಚ್ ರೋಗಿಗಳ ಮೇಲೆ ಆಸ್ಪಿರಿನ್ ಗುಳಿಗೆಯ ಪ್ರಯೋಗವೂ ನಡೆದಿದೆ. ದಿನಕ್ಕೆ 600 ಮಿಲಿಗ್ರಾಂ ಸೇವಿಸಿದ 427 ಜನರಲ್ಲಿ 40 ಮಂದಿಗೂ, ಹುಸಿ ಗುಳಿಗೆ ನುಂಗಿದ 434 ಜನರಲ್ಲಿ 58 ಮಂದಿಗೂ ಮುಂದಿನ ವರ್ಷಗಳಲ್ಲಿ ಕರುಳಿನ ಕ್ಯಾನ್ಸರ್ ಬಂದಿತೆಂದು 2020ರ ವರದಿ ಹೇಳುತ್ತದೆ. ಇದನ್ನು ಓದಿ ಯಾರೂ ತಾವೇ ಅಂಗಡಿಯಿಂದ ಆಸ್ಪಿರಿನ್ ತಂದು ನುಂಗತೊಡಗಬಾರದು. ಜಠರದಲ್ಲಿ ಹುಣ್ಣು, ರಕ್ತಸ್ರಾವಗಳು ಆ ಗುಳಿಗೆಯ ಬೆನ್ನಿಗೇ ಇವೆ.

ನಮ್ಮ ಮನೆಗಳಲ್ಲಿ

ನಮ್ಮ ದೇಶದಲ್ಲಿ ಕರುಳಿನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಲ್ಲಿರುವಷ್ಟು ಹೆಚ್ಚಾಗಿಲ್ಲ. ಆದರೆ ಬಂದಾಗ ತಡವಾಗಿ ಗೊತ್ತಾಗುವುದೇ ನಮ್ಮ ದೌರ್ಭಾಗ್ಯ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ ನಾಟಿ ಔಷಧಿಗೆ ಹೋಗುತ್ತಾರೆ. ಮೂಲವ್ಯಾಧಿಯೇ ಇರಬಹುದು, ಆದರೆ ಅದನ್ನು ವೈದ್ಯರು ನೋಡಿ ಹೇಳಬೇಕು. ಕಾರಣವಿಲ್ಲದೆ ರಕ್ತ ಕಡಿಮೆಯಾಗುವುದು, ಮಲವಿಸರ್ಜನೆಯ ರೂಢಿ ಬದಲಾಗಿ ವಾರಗಟ್ಟಲೆ ಹಾಗೆಯೇ ಉಳಿಯುವುದು, ತೂಕ ಇಳಿಯುವುದು ಇವುಗಳ ಬಗೆಗೂ ಹೀಗೆಯೇ. ತಾಯಂದಿರಲ್ಲಿ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಮುಚ್ಚಿಡುವುದು ಬೇಡ. ಲಿಂಚ್ ಮನೆತನಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಕರುಳಿನ ಕ್ಯಾನ್ಸರಿನ ಒಡಹುಟ್ಟು.

ಇನ್ನೊಂದು ಮಾತು ಹೇಳಲು ನಮಗೂ ಸಂಕೋಚವೇ. ಮನೆಯಲ್ಲಿ ಹೆಣ್ಣುಮಕ್ಕಳ ಲಗ್ನ ಆಗಬೇಕಾಗಿದೆ, ಕ್ಯಾನ್ಸರ್ ಎಂದರೆ ಬೀಗರು ಹಿಂದೆ ಸರಿದಾರು ಎಂಬ ಭಯದಿಂದ "ಹೊಟ್ಟೆಶೂಲೆಯಿಂದ ಹೋದರು" ಎಂದು ಹೇಳಿ ಮುಗಿಸುವ ಮನೆಗಳನ್ನು ನಾವು ಬಲ್ಲೆವು. ಆ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹೊರಗಿನವರಿಗೆ ಹೇಳದಿದ್ದರೂ ಚಿಂತೆಯಿಲ್ಲ, ಒಡಹುಟ್ಟಿದವರಿಗೆ, ಅವರ ಮಕ್ಕಳಿಗೆ, ಮನೆಯ ವೈದ್ಯರಿಗೆ ಸತ್ಯ ತಿಳಿದಿರಬೇಕು. ವೈದ್ಯರು 1990ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಲೆತು ಲಿಂಚ್ ಮನೆತನವನ್ನು ಗುರುತಿಸಲು ಒಂದು ಸೂತ್ರ ಮಾಡಿದ್ದರು. ಕರುಳಿನ ಕ್ಯಾನ್ಸರ್ ಬಂದವರು ಮೂವರು ಬಂಧುಗಳು, ಅವರು ಎರಡು ತಲೆಮಾರಿನವರು, ಅವರಲ್ಲೊಬ್ಬರಿಗಾದರೂ 50ರೊಳಗೆ ರೋಗ. ಈ ಮೂರು, ಎರಡು, ಒಂದನ್ನು ಲೆಕ್ಕಹಾಕಲು ಯಾವ ಯಂತ್ರವೂ ಬೇಡ. ಮನೆಯ ಅಜ್ಜಿಯನ್ನು ಕೂರಿಸಿಕೊಂಡು ಕೇಳಿದರೆ ಸಾಕು. ಅಜ್ಜಿ ಇಲ್ಲವಾದ ಮೇಲೆ ಯಾರನ್ನು ಕೇಳುವುದು? ಈಗ ನಿಯಮ ಇನ್ನೂ ಸಡಿಲವಾಗಿದೆ. ಕರುಳಿನ ಕ್ಯಾನ್ಸರ್ ಬಂದ ಯಾರ ಗಡ್ಡೆಯ ತುಣುಕಿನಲ್ಲಿಯಾದರೂ ನಾಲ್ಕು ದುರಸ್ತಿ ಪ್ರೋಟೀನುಗಳು ಇವೆಯೇ ಎಂದು ಬಣ್ಣ ಹಾಕಿ ನೋಡಬಹುದು. ನಮ್ಮ ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿಯೂ ಈ ಪರೀಕ್ಷೆಯಿದೆ; ರೋಗಿಯ ಕಡೆಯವರು ಕೇಳಲು ಸಂಕೋಚಪಡಬೇಕಾಗಿಲ್ಲ.

ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆ ನಮ್ಮ ನಾಡಿನಲ್ಲಿ ಬಹು ಹಿಂದಿನದು. ಒಂದೇ ಬಳ್ಳಿಯ ಗಂಡಹೆಂಡಿರಿಬ್ಬರೂ ಒಂದೇ ದುರಸ್ತಿ ವಂಶವಾಹಿಯ ದೋಷವನ್ನು ಹೊತ್ತಿದ್ದರೆ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಎರಡು ಪ್ರತಿಗಳೂ ಕೆಟ್ಟವೇ ಬರುವ ಸಂಭವವಿದೆ. ಅಂತಹ ಮಗುವಿನ ಯಾವ ಕೋಶದಲ್ಲಿಯೂ ತಿದ್ದುವ ಪಂಡಿತನಿರುವುದಿಲ್ಲ. ಮೈಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳು, ಎಳವೆಯಲ್ಲಿಯೇ ಮಿದುಳಿನ, ರಕ್ತದ ಅಥವಾ ಕರುಳಿನ ಕ್ಯಾನ್ಸರ್ ಕಾಣಿಸಿಕೊಳ್ಳುತ್ತವೆ. ಇದು ವಿರಳವಾದರೂ, ಕ್ಯಾನ್ಸರಿನ ಚರಿತ್ರೆಯಿರುವ ಮನೆತನದವರು ಒಳಸಂಬಂಧ ಬೆಳೆಸುವ ಮುನ್ನ ವೈದ್ಯರೊಡನೆ ಮಾತನಾಡುವುದು ಲೇಸು.

ಜಿ ಕುಟುಂಬದ ವಿಷಯಕ್ಕೆ ಮರಳೋಣ. 2000ದಲ್ಲಿ ಆ ಮನೆತನದ ದೋಷವೇನೆಂಬುದು ಕೊನೆಗೂ ತಿಳಿಯಿತು. ಎಂ.ಎಸ್.ಎಚ್.2 ವಂಶವಾಹಿಯ ಒಂದು ಸ್ಥಳದಲ್ಲಿ ಟಿ ಇರಬೇಕಾದ ಕಡೆ ಜಿ ಇತ್ತು. ಒಂದೇ ಅಕ್ಷರ! ಪಾಲಿನ್ ಅದನ್ನು ಬಾಯಿಬಿಟ್ಟು ಹೇಳಿ 105 ವರ್ಷಗಳಾಗಿದ್ದವು. 2005ರ ವೇಳೆಗೆ ಆ ಮೂಲದಂಪತಿಗಳ 929 ಮಂದಿ ಸಂತತಿ ದಾಖಲೆಗೆ ಸೇರಿದ್ದರು. ಅವರಲ್ಲಿ ಬದುಕಿರುವವರು ತೋಳಿನಿಂದ ತುಸು ರಕ್ತ ಕೊಟ್ಟು ಆ ಒಂದಕ್ಷರ ತಮ್ಮಲ್ಲಿದೆಯೇ ಎಂದು ತಿಳಿಯಬಹುದಾಗಿದೆ. ದೋಷವಿರುವ ತಂದೆ ಅಥವಾ ತಾಯಿಯ ಪ್ರತಿ ಮಗುವಿಗೂ ಅದು ಬರದೆ ಇರುವ ಸಂಭವ ಅರ್ಧಕ್ಕರ್ಧ. ಇಲ್ಲವೆಂದು ತಿಳಿದವರು ಊರಿನ ಉಳಿದ ಜನರು ಮಾಡಿಸಿಕೊಳ್ಳುವಷ್ಟು ಪರೀಕ್ಷೆ ಮಾಡಿಸಿಕೊಂಡರೆ ಸಾಕೆಂದು, ಅವರ ಮಕ್ಕಳಿಗೂ ಆ ಅಕ್ಷರ ಹೋಗುವುದಿಲ್ಲವೆಂದು ವೈದ್ಯರು ಹೇಳಿ ಕಳುಹಿಸುತ್ತಾರೆ.